ಲೆಕ್ಕ ಕೇಳಿದ ಸದಸ್ಯ: ಫಿರೋಜ್ ಗಾಂಧಿ

ನೆಂಟರ ಕೀರ್ತಿಯು ಕೆಲವರ ಪಾಲಿಗೆ ಪರದೆಯಾಗಿ ನಿಲ್ಲುತ್ತದೆ. ಫಿರೋಜ್ ಗಾಂಧಿಯವರ ಹೆಸರೆತ್ತಿದೊಡನೆ ಜನ ಅವರನ್ನು ಗುರುತಿಸುವುದು ಒಬ್ಬ ಪ್ರಧಾನಿಯ ಅಳಿಯನೆಂದು, ಇನ್ನೊಬ್ಬ ಪ್ರಧಾನಿಯ ಪತಿಯೆಂದು, ಮತ್ತೊಬ್ಬ ಪ್ರಧಾನಿಯ ತಂದೆಯೆಂದು. ಮೂರೂ ನಿಜ. ಆದರೆ ಈ ಮೂರು ನೆಂಟಸ್ತಿಕೆಗಳನ್ನು ಬದಿಗಿರಿಸಿದ ಮೇಲೆ ಉಳಿಯುವ ವ್ಯಕ್ತಿಯೊಬ್ಬರಿದ್ದಾರೆ. ಆ ವ್ಯಕ್ತಿಯ ಪರಿಚಯ ನಮ್ಮ ವಿದ್ಯಾರ್ಥಿಗಳಿಗೆ ಆಗಬೇಕೆಂಬುದು ನನ್ನ ಬಹುದಿನದ ಅಪೇಕ್ಷೆ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ರಾಜ್ಯಶಾಸ್ತ್ರ ನನ್ನ ಕ್ಷೇತ್ರವಲ್ಲ. ಅರ್ಥಶಾಸ್ತ್ರವಂತೂ ಅಲ್ಲವೇ ಅಲ್ಲ. ಆದರೂ ಈ ಜೀವನವೃತ್ತಾಂತವನ್ನು ಬರೆಯಲು ನನಗೊಂದು ಕಾರಣವುಂಟು. ನಮ್ಮ ಪ್ರಾಚೀನ ಸಾಹಿತ್ಯದಲ್ಲಿ ಅರಸನಿಗೆ ಹಿತ ನುಡಿದ ಮಂತ್ರಿಗಳ, ಅರಸನನ್ನು ಲೆಕ್ಕಿಸದೆ ನಡೆದ ಶರಣರ ಚಿತ್ರಗಳು ಬೇಕಾದಷ್ಟಿವೆ. ಅರಸೊತ್ತಿಗೆ ಅಳಿದು ಪ್ರಜೆಗಳೇ ಒಡೆಯರಾದ ಈ ಕಾಲದಲ್ಲಿ ಹಿತ ನುಡಿದರೆ ಸಾಲದು, ಲೆಕ್ಕ ಕೇಳಬೇಕು. ಲೆಕ್ಕ ಕೇಳುವುದು ಕಾವ್ಯದ ವಸ್ತುವಾಗಲಾರದೆಂದು ನಾವು ಭಾವಿಸಿದ್ದೇವೆ. ಅಂಕಿಗಳಲ್ಲಿ ರಸವೆಲ್ಲಿಯದು? ಫಿರೋಜರ ಜೀವನವನ್ನು ಓದಿದ ಮೇಲೆ ನನಗೆ ಹಾಗೆನ್ನಿಸುವುದಿಲ್ಲ.

ಅವರು ಹುಟ್ಟಿದ್ದು 1912ರ ಸೆಪ್ಟೆಂಬರ್ 12ರಂದು, ಮುಂಬಯಿಯಲ್ಲಿ, ಗುಜರಾತಿನ ಭರೂಚಿನ ಕಡೆಯ ಒಂದು ಪಾರ್ಸಿ ಮನೆತನದಲ್ಲಿ. ತಂದೆ ಜಹಾಂಗೀರರು ಹಡಗಿನ ಎಂಜಿನಿಯರರಾಗಿದ್ದರು. ಅವರು ತೀರಿಕೊಂಡ ಮೇಲೆ ತಾಯಿ ರತಿಮಾಯಿಯವರು ಮಕ್ಕಳೊಡನೆ ಅಲಹಾಬಾದಿಗೆ ಬಂದರು. ಅಲ್ಲಿನ ಲೇಡಿ ಡಫರಿನ್ ಆಸ್ಪತ್ರೆಯಲ್ಲಿ ತಾಯಿಯ ಸೋದರಿ ಶಿರೀನ್ ಕಮಿಸ್ಸಾರಿಯಟ್ ಅವರು ಶಸ್ತ್ರವೈದ್ಯೆ. ಆ ಮನೆಯ ಆಶ್ರಯದಲ್ಲಿ ಬಾಲಕನ ಓದು ಮುಂದುವರಿಯಿತು. ಹುಡುಗ ಯೂಯಿಂಗ್ ಕ್ರಿಶ್ಚಿಯನ್ ಕಾಲೇಜು ಸೇರಿದನು.

1930ರ ಬೇಸಗೆಯಲ್ಲಿ ಆ ಕಾಲೇಜಿನ ಬಾಗಿಲಲ್ಲಿ ಮಹಿಳೆಯರು ಸತ್ಯಾಗ್ರಹ ನಡೆಸಿದರು. ಅವರ ಮುಂದಾಳಾಗಿದ್ದ ಕಮಲಾ ನೆಹರೂ ಬಿಸಿಲಿನ ತಾಪಕ್ಕೆ ಬವಳಿ ಬಂದು ಬಿದ್ದರು. ನೋಡುತ್ತಿದ್ದ ವಿದ್ಯಾರ್ಥಿಗಳಲ್ಲಿ ಒಬ್ಬನಾದ ಫಿರೋಜ್ ಓಡಿಹೋಗಿ ಉಪಚರಿಸಿದನು. ಓದನ್ನು ಬಿಟ್ಟು ಚಳವಳಿಗೆ ಇಳಿದನು. ಆ ವರ್ಷವೇ ಸೆರೆಮನೆ. ಫೈಜಾಬಾದಿನ ಆ ಸೆರೆಮನೆಯಲ್ಲಿ ಅವರಿಗೆ ಜೊತೆಯಾದವರು ಲಾಲ್ ಬಹಾದುರ್ ಶಾಸ್ತ್ರಿಗಳು. ಹತ್ತೊಂಬತ್ತು ತಿಂಗಳ ಆ ವಾಸ ಮುಗಿದ ಮೇಲೆಯೂ ಸಂಯುಕ್ತ ಪ್ರಾಂತದ ರೈತರ ಗೇಣಿ ನಿರಾಕರಣೆಯ ಚಳವಳಿಯಲ್ಲಿ ದುಡಿದು ಮತ್ತೆ ಮತ್ತೆ ಬಂಧನಕ್ಕೊಳಗಾದರು. ಮುಂದೆ ಲಂಡನ್ನಿಗೆ ಹೋಗಿ ಅಲ್ಲಿನ ಅರ್ಥಶಾಸ್ತ್ರದ ಪ್ರಸಿದ್ಧ ವಿದ್ಯಾಲಯದಲ್ಲಿ ವ್ಯಾಸಂಗ ಮಾಡಿದರು. ಕ್ಷಯರೋಗದಿಂದ ನರಳುತ್ತಿದ್ದ ಕಮಲಾ ನೆಹರೂ ಯೂರೋಪಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾಗ ಅವರ ಸೇವೆಗೆ ನಿಂತವರಲ್ಲಿ ಫಿರೋಜರೂ ಒಬ್ಬರು. 1936ರಲ್ಲಿ ಆಕೆ ಕಣ್ಮುಚ್ಚಿದರು.

1942ರ ಮಾರ್ಚ್ 26ರಂದು ಅಲಹಾಬಾದಿನಲ್ಲಿ ಫಿರೋಜರಿಗೂ ಇಂದಿರೆಗೂ ವಿವಾಹವಾಯಿತು. ಆಗಸ್ಟಿನ ಚಳವಳಿ ಬಂದಿತು. ನವದಂಪತಿಗಳಿಬ್ಬರೂ ಸೆರೆಮನೆ ಸೇರಿದರು. ಬಿಡುಗಡೆಯ ತರುವಾಯ ಫಿರೋಜರು ಲಖನೌದಲ್ಲಿ ನೆಹರೂ ಸ್ಥಾಪಿಸಿದ್ದ ನ್ಯಾಷನಲ್ ಹೆರಾಲ್ಡ್ ಪತ್ರಿಕೆಯ ಆಡಳಿತವನ್ನು ವಹಿಸಿಕೊಂಡರು. ಪತ್ರಿಕೆಯ ಕಾಗದದ ಬೆಲೆ, ಜಾಹೀರಾತಿನ ವರಮಾನ, ನೌಕರರ ಸಂಬಳ, ತಿಂಗಳ ಕೊನೆಯ ಕೊರತೆ, ಇವುಗಳ ನಡುವೆ ಅವರು ಕಳೆದ ವರ್ಷಗಳು ಮುಂದಿನ ಕಾರ್ಯಕ್ಕೆ ಒಂದು ಬಗೆಯ ಗುರುಕುಲವಾದವೆಂದು ನನ್ನ ಊಹೆ. ಭಾಷಣ ಮಾಡಿ ಬೆಳೆದ ರಾಜಕಾರಣಿಗೂ ಲೆಕ್ಕದ ಪುಸ್ತಕ ತಿರುವಿ ಬೆಳೆದ ರಾಜಕಾರಣಿಗೂ ಬಹಳ ಅಂತರವುಂಟು.

1952ರಲ್ಲಿ ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ ನಡೆಯಿತು. ಉತ್ತರಪ್ರದೇಶದ ರಾಯ್‌ಬರೇಲಿಯನ್ನು ಒಳಗೊಂಡ ಕ್ಷೇತ್ರದಿಂದ ಫಿರೋಜರು ಲೋಕಸಭೆಗೆ ಆರಿಸಿ ಬಂದರು. 1957ರಲ್ಲಿ ಮತ್ತೊಮ್ಮೆ ಗೆದ್ದರು. ಮೊದಲ ಮೂರು ವರ್ಷಗಳಲ್ಲಿ ಅವರು ಸದನದಲ್ಲಿ ಹೆಚ್ಚು ಮಾತನಾಡಿದವರಲ್ಲ. ಅಳಿಯನಿಗೆ ಮಾತಿನ ಅಗತ್ಯವೇನು, ಇರುವಲ್ಲಿಯೇ ಸುಖವಾಗಿರುವನು ಎಂದು ಹಲವರು ತಿಳಿದಿದ್ದರೆ ಅದು ಸಹಜ. ಆದರೆ ಆ ಮೌನದ ಹಿಂದೆ ಅಧ್ಯಯನ ನಡೆದಿತ್ತು.

1955ರ ಡಿಸೆಂಬರಿನಲ್ಲಿ ಆ ಮೌನ ಮುರಿಯಿತು. ಆ ಕಾಲದಲ್ಲಿ ಜೀವವಿಮೆಯು ಖಾಸಗಿ ಕಂಪೆನಿಗಳ ಕೈಯಲ್ಲಿತ್ತು. ವಿಮೆಯ ಸ್ವಭಾವವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಒಳ್ಳೆಯದು. ವಿಮೆ ಮಾಡಿಸಿದವನು ವರ್ಷ ವರ್ಷವೂ ಕಂತು ಕಟ್ಟುತ್ತಾನೆ. ಅದರ ಫಲ ಕೈಗೆ ಬರುವುದು ಇಪ್ಪತ್ತು ವರ್ಷಗಳ ಮೇಲೆ, ಇಲ್ಲವೇ ಅವನ ಮರಣಾನಂತರ ಅವನ ಹೆಂಡಿರು ಮಕ್ಕಳಿಗೆ. ಈ ನಡುವಿನ ದೀರ್ಘಕಾಲದಲ್ಲಿ ಆ ಹಣದ ರಾಶಿ ಇನ್ನೊಬ್ಬರ ವಶದಲ್ಲಿರುತ್ತದೆ. ಕೊಟ್ಟವರು ಲಕ್ಷಾಂತರ ಜನ, ಒಬ್ಬರನ್ನೊಬ್ಬರು ಅರಿಯದವರು. ಇಟ್ಟುಕೊಂಡವರು ಕೆಲವೇ ಮಂದಿ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ನಮ್ಮ ಗಾದೆ ನಿಜವಾಗಲು ಇದಕ್ಕಿಂತ ಅನುಕೂಲವಾದ ಸನ್ನಿವೇಶ ಬೇಕಿಲ್ಲ. ಭಾರತದ ದೊಡ್ಡ ಉದ್ಯಮಿಗಳಲ್ಲಿ ಒಬ್ಬರಾದ ರಾಮಕೃಷ್ಣ ದಾಲ್ಮಿಯಾ ಅವರ ವಶದಲ್ಲಿದ್ದ ಭಾರತ್ ವಿಮಾ ಕಂಪೆನಿಯ ಹಣವು ವಿಮೆದಾರರಿಗೆ ಸಂಬಂಧವಿಲ್ಲದ ದಾರಿಗಳಲ್ಲಿ ಹರಿದುಹೋದ ಬಗೆಯನ್ನು ಫಿರೋಜರು ಸದನದ ಮುಂದೆ ಎಳೆ ಎಳೆಯಾಗಿ ಬಿಡಿಸಿಟ್ಟರು. ಕಂಪೆನಿಯಿಂದ ಕಂಪೆನಿಗೆ ಹಣ ಜಿಗಿಯುವುದನ್ನು ದಿನಾಂಕ ಸಹಿತವಾಗಿ ತೋರಿಸಿದರು.

ಅದರ ಫಲ ಬಹುಬೇಗ ಕಾಣಿಸಿತು. 1956ರ ಜನವರಿ 19ರಂದು ಸರಕಾರವು ಸುಗ್ರೀವಾಜ್ಞೆಯ ಮೂಲಕ ಜೀವವಿಮಾ ವ್ಯವಹಾರವನ್ನು ತನ್ನ ಕೈಗೆ ತೆಗೆದುಕೊಂಡಿತು. ರಾಷ್ಟ್ರೀಕರಣದ ಆಲೋಚನೆ ಮೊದಲೇ ಇದ್ದರೂ ಅದಕ್ಕೆ ನೈತಿಕ ಬಲವನ್ನು ತುಂಬಿದ್ದು ಇಂತಹ ಅವ್ಯವಹಾರಗಳ ಬಯಲು. ಅದೇ ವರ್ಷ ಸೆಪ್ಟೆಂಬರ್ 1ರಂದು 245 ವಿಮಾ ಸಂಸ್ಥೆಗಳನ್ನು ಒಗ್ಗೂಡಿಸಿ ಜೀವವಿಮಾ ನಿಗಮವು ಸ್ಥಾಪಿತವಾಯಿತು. ದಾಲ್ಮಿಯಾ ಅವರ ಮೇಲೆ ಭಾರತ್ ಕಂಪೆನಿಯ 2 ಕೋಟಿ 20 ಲಕ್ಷ ರೂಪಾಯಿಗಳ ದುರುಪಯೋಗದ ಮೊಕದ್ದಮೆ ನಡೆದು ಅವರು ಸೆರೆಮನೆಯನ್ನು ಕಂಡರು.

ಇದೇ ಸಂದರ್ಭದಲ್ಲಿ ಫಿರೋಜರಿಗೆ ಮತ್ತೊಂದು ಕೊರತೆ ಕಾಣಿಸಿತು. ಸದನದೊಳಗೆ ಸದಸ್ಯನು ಆಡಿದ ಮಾತಿಗೆ ಮಾನನಷ್ಟದ ದಾವೆಯ ಭಯವಿಲ್ಲ. ಆದರೆ ಅದೇ ಮಾತನ್ನು ಅಚ್ಚುಹಾಕುವ ಪತ್ರಿಕೆಗೆ ಆ ರಕ್ಷಣೆ ಇರಲಿಲ್ಲ. ಗೋಡೆಯೊಳಗೆ ಆಡಿದ ಸತ್ಯವು ಗೋಡೆಯೊಳಗೇ ಉಳಿದರೆ ಆರಿಸಿ ಕಳಿಸಿದ ಮತದಾರನಿಗೆ ಅದರಿಂದ ಏನು ಪ್ರಯೋಜನ? ಫಿರೋಜರು ಖಾಸಗಿ ಸದಸ್ಯರ ಮಸೂದೆಯೊಂದನ್ನು ತಂದರು. ಸದನದ ನಡವಳಿಕೆಯನ್ನು ದುರುದ್ದೇಶವಿಲ್ಲದೆ, ಸಾರಾಂಶದಲ್ಲಿ ಸತ್ಯವಾಗಿ ವರದಿ ಮಾಡುವ ಪತ್ರಿಕೆಯ ಮೇಲೆ ದಾವೆ ನಿಲ್ಲದು ಎಂಬುದು ಅದರ ತಿರುಳು. ಮಂತ್ರಿಯಲ್ಲದ ಸದಸ್ಯನ ಮಸೂದೆ ಶಾಸನವಾಗುವುದು ನಮ್ಮ ಸಂಸತ್ತಿನಲ್ಲಿ ಅತಿ ವಿರಳ. ಇದು 1956ರಲ್ಲಿ ಶಾಸನವಾಯಿತು. ಜನರು ಅದನ್ನು ಫಿರೋಜ್ ಗಾಂಧಿ ಕಾಯಿದೆಯೆಂದೇ ಕರೆದರು.

ಇಲ್ಲಿಗೆ ಕಥೆ ನಿಂತಿದ್ದರೆ ಫಿರೋಜರನ್ನು ಖಾಸಗಿ ಬಂಡವಾಳದ ಸಮರ್ಥ ಟೀಕಾಕಾರರೆಂದು ಹೊಗಳಿ ಸುಮ್ಮನಾಗಬಹುದಿತ್ತು. ಶ್ರೀಮಂತ ವರ್ತಕನನ್ನು ಟೀಕಿಸುವುದು ಆಳುವ ಪಕ್ಷದವನಿಗೆ ಅಷ್ಟು ಕಷ್ಟದ ಕೆಲಸವಲ್ಲ. ನಿಜವಾದ ಪರೀಕ್ಷೆ ಎರಡು ವರ್ಷಗಳ ಮೇಲೆ ಬಂದಿತು. ಆಗ ಜನರ ಹಣವಿದ್ದುದು ಸರಕಾರದ ನಿಗಮದಲ್ಲಿ. ಅದಕ್ಕೆ ಹೊಣೆಗಾರರು ಅವರದೇ ಪಕ್ಷದ ಮಂತ್ರಿ. ಆ ಮಂತ್ರಿಮಂಡಲದ ಮುಖ್ಯಸ್ಥರು ಅವರ ಮಾವನವರು.

ಸಂಗತಿ ಹೀಗಿದೆ. ಕಲಕತ್ತೆಯಲ್ಲಿ ಹರಿದಾಸ್ ಮುಂಧ್ರಾ ಎಂಬ ಉದ್ಯಮಿ ಇದ್ದರು. ಷೇರುಪೇಟೆಯ ಆಟದಲ್ಲಿ ಹೆಸರು ಮಾಡಿ, ಸಾಲದಲ್ಲಿ ಸಿಲುಕಿಕೊಂಡಿದ್ದವರು. 1957ರ ಜೂನ್ ತಿಂಗಳ ಕೊನೆಯ ವಾರದಲ್ಲಿ ಜೀವವಿಮಾ ನಿಗಮವು ಅವರಿಗೆ ಸಂಬಂಧಪಟ್ಟ ಆರು ಕಂಪೆನಿಗಳ ಷೇರುಗಳನ್ನು ಸುಮಾರು 1 ಕೋಟಿ 24 ಲಕ್ಷ ರೂಪಾಯಿ ಕೊಟ್ಟು ಕೊಂಡಿತು. ನಿಗಮಕ್ಕೆ ಹಣ ಹೂಡಿಕೆಯ ಸಮಿತಿಯೊಂದಿತ್ತು. ಅದನ್ನು ಮೊದಲು ಕೇಳಲಿಲ್ಲ. ಸಾರ್ವಜನಿಕ ಹಿತದ ನೀತಿಗೆ ಸಂಬಂಧಿಸಿದಂತೆ ಸರಕಾರವು ನಿಗಮಕ್ಕೆ ನಿರ್ದೇಶನ ಕೊಡಬಹುದು, ಆದರೆ ಅದು ಬರೆಹದಲ್ಲಿರಬೇಕು ಎಂದು ನಿಗಮದ ಶಾಸನವೇ ಹೇಳುತ್ತದೆ. ಅಂತಹ ಬರೆಹ ಯಾವುದೂ ಇರಲಿಲ್ಲ. ಎಲ್ಲವೂ ಮಾತುಕತೆಯಲ್ಲಿ, ಕೆಲವೇ ದಿನಗಳಲ್ಲಿ ಮುಗಿದಿತ್ತು. ಕೆಲವು ಷೇರುಗಳಿಗೆ ಪೇಟೆಯ ಧಾರಣೆಗಿಂತ ಹೆಚ್ಚು ಬೆಲೆ ತೆತ್ತದ್ದೂ ಮುಂದೆ ಬಯಲಾಯಿತು.

ನಮ್ಮ ತಂದೆಯವರು ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. ಅವರ ಸಂಬಳದಲ್ಲಿ ವಿಮೆಯ ಕಂತಿನ ಹಣವನ್ನು ಎಲ್ಲಕ್ಕಿಂತ ಮೊದಲು ತೆಗೆದಿಡುತ್ತಿದ್ದರು; ಉಳಿದದ್ದರಲ್ಲಿ ಅಂಗಡಿಯ ಬಾಕಿ, ನಮ್ಮ ಪುಸ್ತಕ. ಹಬ್ಬಕ್ಕೆ ಬಟ್ಟೆ ತಪ್ಪಿದ ವರ್ಷವುಂಟು, ಕಂತು ತಪ್ಪಿದ ವರ್ಷವಿಲ್ಲ. 1 ಕೋಟಿ 24 ಲಕ್ಷವೆಂಬ ಸಂಖ್ಯೆಯನ್ನು ಓದಿದಾಗ ನನ್ನ ಕಣ್ಣ ಮುಂದೆ ಷೇರುಪೇಟೆ ಬರುವುದಿಲ್ಲ. ಇಂತಹ ಸಾವಿರಾರು ಮನೆಗಳ ಹಬ್ಬದ ಬಟ್ಟೆಗಳು ಬರುತ್ತವೆ. ಸಾರ್ವಜನಿಕ ಹಣವೆಂಬುದು ಆಕಾಶದಿಂದ ಉದುರಿದುದಲ್ಲ. ಅದರ ಒಂದೊಂದು ಕಾಸಿಗೂ ಯಾರದೋ ಒಂದು ತ್ಯಾಗದ ಮುದ್ರೆ ಇರುತ್ತದೆ.

1957ರ ಸೆಪ್ಟೆಂಬರಿನಲ್ಲಿಯೇ ಲೋಕಸಭೆಯಲ್ಲಿ ಈ ಬಗ್ಗೆ ಪ್ರಶ್ನೆ ಬಂದಿತ್ತು. ಸರಕಾರದಿಂದ ತೃಪ್ತಿಕರವಾದ ಉತ್ತರ ಬರಲಿಲ್ಲ. ಫಿರೋಜರು ಬಿಡಲಿಲ್ಲ. ಡಿಸೆಂಬರ್ 16ರಂದು ಅವರು ಈ ವಿಷಯವನ್ನು ಚರ್ಚೆಗೆ ಎತ್ತಿದರು. ಅವರ ಕೈಯಲ್ಲಿ ಷೇರುಗಳ ದಿನದಿನದ ಧಾರಣೆಯ ಪಟ್ಟಿ ಇತ್ತು. ಖರೀದಿಯ ಉದ್ದೇಶ ಷೇರುಪೇಟೆಯನ್ನು ನಿಲ್ಲಿಸುವುದೇ, ಒಬ್ಬ ವ್ಯಕ್ತಿಯನ್ನು ಉಳಿಸುವುದೇ ಎಂಬುದೇ ಅವರ ವಾದದ ಕೇಂದ್ರಬಿಂದು. ನಿಗಮವು ಸಂಸತ್ತಿನ ಸೃಷ್ಟಿ. ಆದುದರಿಂದ ಅದರ ಮೇಲೆ ಕಣ್ಣಿಡುವುದು ಸಂಸತ್ತಿನ ಕರ್ತವ್ಯವೆಂದು ಅವರು ಪ್ರತಿಪಾದಿಸಿದರು. ಬೈಗುಳವಿಲ್ಲದೆ, ಅಂಕಿಗಳನ್ನೇ ಸಾಕ್ಷಿಯಾಗಿ ನಿಲ್ಲಿಸಿದ ಆ ವಾದಕ್ಕೆ ಸದನ ಕಿವಿಗೊಟ್ಟಿತು. ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ಸಾಮಾನ್ಯರಲ್ಲ, ಸಂವಿಧಾನದ ಕರಡು ಸಮಿತಿಯಲ್ಲಿ ಕುಳಿತಿದ್ದವರು, ಬುದ್ಧಿಶಾಲಿ, ನೆಹರೂ ಅವರ ವಿಶ್ವಾಸಕ್ಕೆ ಪಾತ್ರರಾದವರು. ಆದರೂ ಸರಕಾರವು ವಿಚಾರಣೆಗೆ ಒಪ್ಪಬೇಕಾಯಿತು.

ಫಿರೋಜರ ಈ ನಿಲುವಿನಲ್ಲಿ ನನಗೆ ಅತ್ಯಂತ ಗೌರವಾರ್ಹವಾಗಿ ಕಾಣುವ ಅಂಶವೊಂದಿದೆ. ವಿಮೆ ಸರಕಾರದ ಕೈಗೆ ಬರಲೆಂದು ಬಯಸಿದವರು ಅವರೇ. ತಾವು ಬೆಂಬಲಿಸಿ ಕಟ್ಟಿಸಿದ ಮನೆಯಲ್ಲಿ ಬಿರುಕು ಕಂಡಾಗ ಗೋಡೆಗೆ ಸುಣ್ಣ ಬಳಿದು ಮರೆಮಾಡುವುದು ಮನುಷ್ಯಸಹಜ. ವಿರೋಧಿಗಳು ನಗುವರೆಂಬ ಭಯ ಒಂದು ಕಡೆ, ಸ್ವಂತ ಸಿದ್ಧಾಂತಕ್ಕೆ ಧಕ್ಕೆಯಾಗುವುದೆಂಬ ಭಯ ಇನ್ನೊಂದು ಕಡೆ. ಫಿರೋಜರು ಇದಕ್ಕೆ ವ್ಯತಿರಿಕ್ತವಾಗಿ ಆಲೋಚಿಸಿದರು. ಖಾಸಗಿ ಒಡೆಯನ ಕೈಯಿಂದ ಹಣವನ್ನು ಬಿಡಿಸಿ ಸರಕಾರಕ್ಕೆ ಒಪ್ಪಿಸಿರೆಂದು ಜನರಿಗೆ ಹೇಳಿದವನು, ಸರಕಾರದಿಂದ ಲೆಕ್ಕ ಕೇಳಲು ಎಲ್ಲರಿಗಿಂತ ಹೆಚ್ಚು ಬಾಧ್ಯನೆಂದು ಅವರು ಬಗೆದಂತಿದೆ. ಬೇಲಿ ಬೇಕೆಂದವನೇ ಬೇಲಿ ಹೊಲವನ್ನು ಮೇಯದಂತೆ ಕಾಯಬೇಕು.

1958ರ ಜನವರಿ 17ರಂದು ಮುಂಬಯಿ ಉಚ್ಚನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾದ ಎಂ. ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗ ನೇಮಕವಾಯಿತು. ಛಾಗ್ಲಾ ಅವರು ವಿಚಾರಣೆಯನ್ನು ಮುಚ್ಚಿದ ಕೋಣೆಯಲ್ಲಿ ನಡೆಸಲಿಲ್ಲ. ಮುಂಬಯಿಯಲ್ಲಿ ನೆರೆದ ಜನಸ್ತೋಮಕ್ಕೆ ಕೇಳಿಸಲೆಂದು ಧ್ವನಿವರ್ಧಕಗಳನ್ನು ಕಟ್ಟಬೇಕಾಯಿತು. ಮಂತ್ರಿ, ಅರ್ಥಶಾಖೆಯ ಮುಖ್ಯ ಕಾರ್ಯದರ್ಶಿ ಎಚ್. ಎಂ. ಪಟೇಲ್, ನಿಗಮದ ಅಧಿಕಾರಿಗಳು, ರಿಸರ್ವ್ ಬ್ಯಾಂಕಿನ ಗವರ್ನರು, ಎಲ್ಲರೂ ಜನರೆದುರಿಗೆ ಸಾಕ್ಷ್ಯ ನುಡಿದರು. ವ್ಯವಹಾರಕ್ಕೆ ತಮ್ಮ ಒಪ್ಪಿಗೆ ಇರಲಿಲ್ಲವೆಂದು ಮಂತ್ರಿಗಳು ಹೇಳಿದರು. ಅವರಿಗೆ ತಿಳಿದೇ ನಡೆಯಿತೆಂದು ಕಾರ್ಯದರ್ಶಿಗಳು ಹೇಳಿದರು. ನೇಮಕವಾಗಿ ಒಂದು ತಿಂಗಳೂ ತುಂಬುವ ಮೊದಲೇ, ಫೆಬ್ರವರಿ 10ರಂದು, ವರದಿ ಸಿದ್ಧವಾಯಿತು. ಷೇರುಪೇಟೆಯ ಸ್ಥಿರತೆಗಾಗಿ ಖರೀದಿ ನಡೆಯಿತೆಂಬ ಸಮರ್ಥನೆಯನ್ನು ಛಾಗ್ಲಾ ಒಪ್ಪಲಿಲ್ಲ. ನಿಗಮದ ಹಣವನ್ನು ವಿಮೆದಾರರ ಹಿತಕ್ಕಾಗಿಯೇ ಬಳಸಬೇಕು. ಸರಕಾರವು ಸ್ವತಂತ್ರ ನಿಗಮಗಳಲ್ಲಿ ಕೈಹಾಕಬಾರದು, ಹಾಕುವುದಾದರೆ ಬರೆಹದ ಮೂಲಕ ಹಾಕಬೇಕು. ಮಂತ್ರಿಯು ಸಂಗತಿಗಳನ್ನು ಮೊದಲ ಅವಕಾಶದಲ್ಲಿಯೇ ಸಂಸತ್ತಿಗೆ ತಿಳಿಸಬೇಕು. ತನ್ನ ಕೈಕೆಳಗಿನವರ ಕಾರ್ಯಕ್ಕೆ ಮಂತ್ರಿಯೇ ಹೊಣೆ ಹೊರಬೇಕು, ಅಧಿಕಾರಿಯ ಬೆನ್ನ ಹಿಂದೆ ಅಡಗಲಾಗದು ಎಂಬ ತತ್ತ್ವಗಳನ್ನು ಅವರು ಸ್ಪಷ್ಟಪಡಿಸಿದರು. ಅದೇ ಫೆಬ್ರವರಿಯಲ್ಲಿ ಕೃಷ್ಣಮಾಚಾರಿಯವರು ರಾಜೀನಾಮೆ ಕೊಟ್ಟರು. ಆ ವರ್ಷದ ಮುಂಗಡಪತ್ರವನ್ನು ಪ್ರಧಾನಿ ನೆಹರೂ ತಾವೇ ಮಂಡಿಸಬೇಕಾಯಿತು.

ನೆಹರೂ ಅವರಿಗೆ ಈ ಪ್ರಸಂಗ ಸಂತೋಷ ತಂದಿರಲಾರದು. ಮಂತ್ರಿಯ ರಾಜೀನಾಮೆಯನ್ನು ಒಪ್ಪುವಾಗಲೂ ಅವರು ತಮ್ಮ ಸಹೋದ್ಯೋಗಿಯ ಬಗೆಗೆ ಆದರವನ್ನೇ ತೋರಿದರು. ಆದರೂ ಅಳಿಯನ ಬಾಯಿ ಮುಚ್ಚಿಸದೆ, ವಿಚಾರಣೆಗೆ ಒಪ್ಪಿ, ಅದರ ಫಲವನ್ನು ಸ್ವೀಕರಿಸಿದ್ದು ಅವರ ದೊಡ್ಡತನ. ಪ್ರಶ್ನೆ ಕೇಳುವವನೊಬ್ಬನಿದ್ದರೆ ಸಾಲದು. ಪ್ರಶ್ನೆಯನ್ನು ತಾಳಿಕೊಳ್ಳುವ ವ್ಯವಸ್ಥೆಯೂ ಇರಬೇಕು. 1958ರಲ್ಲಿ ನಮ್ಮ ಗಣರಾಜ್ಯದಲ್ಲಿ ಎರಡೂ ಇದ್ದವು.

ಫಿರೋಜರು ಈ ಗೆಲುವಿಗೆ ತೆತ್ತ ಬೆಲೆ ಕಡಿಮೆಯದಲ್ಲ. ದೆಹಲಿಯಲ್ಲಿ ಪ್ರಧಾನಿಯ ನಿವಾಸ ಹೆಂಡತಿ ಮಕ್ಕಳಿದ್ದ ಮನೆ. ಫಿರೋಜರು ಬಹುಮಟ್ಟಿಗೆ ವಾಸಿಸಿದ್ದು ಸಂಸತ್ಸದಸ್ಯನಿಗೆ ದೊರೆತ ತಮ್ಮ ಬೇರೆ ಮನೆಯಲ್ಲಿ. ಅಲ್ಲಿ ತೋಟದ ಕೆಲಸ, ಮರಗೆಲಸ, ಗೆಳೆಯರ ಮಾತುಕತೆ. ಸಂಸತ್ತಿನ ಸೆಂಟ್ರಲ್ ಹಾಲಿನಲ್ಲಿ ಅವರು ಗೆಳೆಯರೊಡನೆ ಕುಳಿತುಕೊಳ್ಳುತ್ತಿದ್ದ ಜಾಗಕ್ಕೆ ಫಿರೋಜರ ಮೂಲೆ ಎಂಬ ಹೆಸರೇ ಬಂದಿತ್ತು. 1959ರಲ್ಲಿ ಕೇರಳದ ಚುನಾಯಿತ ಕಮ್ಯುನಿಸ್ಟ್ ಸರಕಾರವನ್ನು ವಜಾ ಮಾಡಿದಾಗ ಅವರು ಅದನ್ನು ಒಪ್ಪಲಿಲ್ಲ; ಆಗ ಕಾಂಗ್ರೆಸ್ಸಿನ ಅಧ್ಯಕ್ಷೆಯಾಗಿದ್ದವರು ಅವರ ಪತ್ನಿಯೇ. ಮನೆಯ ಮಾತು ಬೇರೆ, ಸಾರ್ವಜನಿಕ ಧರ್ಮ ಬೇರೆ ಎಂದು ಹೇಳುವುದು ಸುಲಭ. ಆ ಎರಡರ ನಡುವೆ ಪ್ರತಿದಿನವೂ ಬದುಕುವುದು ಹೃದಯವನ್ನು ಸವೆಸುತ್ತದೆ. 1958ರಲ್ಲಿಯೇ ಅವರಿಗೆ ಹೃದಯಾಘಾತವಾಗಿತ್ತು. 1960ರ ಸೆಪ್ಟೆಂಬರ್ 8ರಂದು ದೆಹಲಿಯ ವಿಲಿಂಗ್ಡನ್ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ನಲವತ್ತೆಂಟು ತುಂಬಲು ನಾಲ್ಕು ದಿನಗಳು ಉಳಿದಿದ್ದವು.

ಅವರ ಕಾರ್ಯದ ಮುಂದಿನ ಕಥೆಯನ್ನು ಹೇಳದಿದ್ದರೆ ಈ ಲೇಖನವು ಬರಿಯ ಸ್ತೋತ್ರವಾದೀತು. ಕೃಷ್ಣಮಾಚಾರಿಯವರು 1962ರಲ್ಲಿ ಮತ್ತೆ ಮಂತ್ರಿಮಂಡಲಕ್ಕೆ ಬಂದರು, 1963ರಲ್ಲಿ ಮತ್ತೆ ಅರ್ಥಮಂತ್ರಿಗಳಾದರು. ಎಚ್. ಎಂ. ಪಟೇಲರು 1977ರಲ್ಲಿ ಜನತಾ ಸರಕಾರದ ಅರ್ಥಮಂತ್ರಿಗಳಾದರು. ಹಾಗಾದರೆ ಲೆಕ್ಕ ಕೇಳಿ ಫಲವೇನಾಯಿತೆಂದು ಕೆಲವರು ಕೇಳಬಹುದು. ಲೆಕ್ಕ ಕೇಳುವುದರ ಗುರಿ ಮನುಷ್ಯರನ್ನು ನಾಶಮಾಡುವುದಲ್ಲವೆಂದು ನನ್ನ ಉತ್ತರ. ದೇವಸ್ಥಾನದ ಪಾರುಪತ್ತೇಗಾರನಿಂದ ವರ್ಷಕ್ಕೊಮ್ಮೆ ಲೆಕ್ಕ ಕೇಳುವುದು ಅವನ ಮೇಲಿನ ದ್ವೇಷದಿಂದಲ್ಲ. ಹುಂಡಿ ಅವನದಲ್ಲವೆಂಬುದು ಅವನಿಗೂ ಊರಿಗೂ ನೆನಪಿರಲೆಂದು. ಮಂತ್ರಿಯೊಬ್ಬರು ಹೊಣೆ ಹೊತ್ತು ಪದವಿಯಿಂದ ಇಳಿದ ಆ ಮೇಲ್ಪಂಕ್ತಿ ಉಳಿಯಿತು. ಮುಂದೆ ಹಣದ ಹಗರಣ ಎದ್ದಾಗಲೆಲ್ಲ ಜನರು ಅಳೆಯುವ ಕೋಲಾಗಿ ಅದನ್ನು ಹಿಡಿದರು.

ಎಲ್ಲಕ್ಕಿಂತ ನೋವಿನ ಸಂಗತಿ ಮತ್ತೊಂದು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಸಂಸತ್ತಿನ ವರದಿಗಳಿಗೆ ರಕ್ಷಣೆ ಕೊಡುತ್ತಿದ್ದ ಫಿರೋಜರ ಶಾಸನವನ್ನು ರದ್ದುಮಾಡಲಾಯಿತು. ಆಗ ಪ್ರಧಾನಿಯಾಗಿದ್ದವರು ಇಂದಿರಾ ಗಾಂಧಿಯವರು. ಕಥೆಗಾರನೊಬ್ಬನು ಇಂತಹ ಪ್ರಸಂಗವನ್ನು ಕಲ್ಪಿಸಿ ಬರೆದಿದ್ದರೆ ಅತಿಯಾಯಿತೆಂದು ನಾವು ಆಕ್ಷೇಪಿಸುತ್ತಿದ್ದೆವು. 1977ರಲ್ಲಿ ಹೊಸ ಸರಕಾರ ಬಂದು ಆ ರಕ್ಷಣೆಯನ್ನು ಮತ್ತೆ ಶಾಸನಮಾಡಿತು. ಅನಂತರ ಸಂವಿಧಾನದ 44ನೆಯ ತಿದ್ದುಪಡಿಯು ಅದಕ್ಕೆ ಸಂವಿಧಾನದಲ್ಲಿಯೇ ಸ್ಥಾನವನ್ನು ಕೊಟ್ಟಿತು. ಒಬ್ಬ ಸಾಮಾನ್ಯ ಸದಸ್ಯನು ತಂದ ಸಣ್ಣ ಮಸೂದೆ ಹೀಗೆ ಬಿದ್ದು, ಎದ್ದು, ರಾಷ್ಟ್ರದ ಮೂಲ ನಿಬಂಧನೆಯಲ್ಲಿ ಬೇರೂರಿತು.

ಫಿರೋಜರು ಯಾವ ಕಾಲದಲ್ಲಿಯೂ ಮಂತ್ರಿಯಾಗಲಿಲ್ಲ. ಅವರಿಗಿದ್ದ ಅಧಿಕಾರವೆಲ್ಲ ಎದ್ದು ನಿಂತು ಕೇಳುವ ಅಧಿಕಾರ ಮಾತ್ರ. ಅದು ಸದಸ್ಯನಿಗೆ ಮತದಾರನು ಕೊಟ್ಟ ಅಧಿಕಾರ. ಗ್ರಾಮಪಂಚಾಯಿತಿಯಿಂದ ಪಾರ್ಲಿಮೆಂಟಿನವರೆಗೆ ನಾವು ಆರಿಸಿ ಕಳಿಸುವ ಪ್ರತಿಯೊಬ್ಬನ ಕೈಯಲ್ಲಿಯೂ ಅದು ಇದೆ. ಗ್ರಾಮಸಭೆಯಲ್ಲಿ ಕುಳಿತ ಸಾಮಾನ್ಯ ಮತದಾರನಿಗೂ ಅದರಲ್ಲಿ ಪಾಲುಂಟು. ಕೇಳುವುದಕ್ಕೆ ಮುಂಚೆ ಓದಬೇಕು. ಆರೋಪಿಸುವುದಕ್ಕೆ ಮುಂಚೆ ಕೂಡಿ ಕಳೆಯಬೇಕು. ತನ್ನವರೆಂದು ಬಿಡಬಾರದು, ಹೆರವರೆಂದು ಹಳಿಯಬಾರದು. ಇಷ್ಟೇ ಅವರ ವಿದ್ಯೆ. ಚುನಾವಣೆಯ ದಿನ ನಾವು ಕೊಡುವುದು ಮತವೊಂದೇ ಅಲ್ಲ, ನಮ್ಮ ಪೆಟ್ಟಿಗೆಯ ಬೀಗದ ಕೈಯೂ ಅದರೊಡನೆ ಹೋಗುತ್ತದೆ. ಅದನ್ನು ಪಡೆದವನು ಪೆಟ್ಟಿಗೆಯನ್ನು ತೆರೆದಾಗಲೆಲ್ಲ ಏನನ್ನು ತೆಗೆದೆ, ಯಾರಿಗೆ ಕೊಟ್ಟೆ ಎಂದು ವಿನಯದಿಂದ, ಬಿಡದೆ ಕೇಳುವ ಅಭ್ಯಾಸ ನಮ್ಮ ತರುಣರಿಗೆ ಬಂದರೆ, ರಾಯ್‌ಬರೇಲಿಯ ಆ ಹಳೆಯ ಸದಸ್ಯನಿಗೆ ಬೇರೆ ಸ್ಮಾರಕ ಬೇಕಾಗುವುದಿಲ್ಲ.